ಆಲ್ಪ್ಸ್ ಸರೋವರಗಳು: ಈಜು, ನಡಿಗೆ ಮತ್ತು ದೇಹಾರೋಗ್ಯ

ಮಕ್ಕಳು ಯೂರೋಪಿನಲ್ಲಿ ಉದ್ಯೋಗಕ್ಕೆ ನಿಂತ ಮೇಲೆ ಮುಂಬಯಿ, ಪುಣೆ, ಚೆನ್ನೈಗಳ ಕನ್ನಡ ಕುಟುಂಬಗಳಲ್ಲಿ ಹಿರಿಯರೂ ಮೊಮ್ಮಕ್ಕಳೂ ಕೂಡಿ ಆಲ್ಪ್ಸ್ ಪರ್ವತಪ್ರದೇಶವನ್ನು ನೋಡಿಬರುವುದು ಈಗ ಅಪರೂಪವಲ್ಲ. ಅಲ್ಲಿಯ ನಿವಾಸಿಗಳು ಬೇಸಗೆಯ ರಜೆಯಲ್ಲಿ ಬುತ್ತಿ ಕಟ್ಟಿಕೊಂಡು ಸಂಸಾರಸಮೇತ ಸರೋವರದ ದಡಕ್ಕೆ ಹೋಗುತ್ತಾರೆ; ಮನೆಗೆ ಬಂದ ಅತಿಥಿಗಳನ್ನೂ ಕರೆದೊಯ್ಯುತ್ತಾರೆ. ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರನ್ನು ಕಂಡಾಗ, ಊರಿನ ಕೆರೆ ಬಾವಿಗಳಲ್ಲಿ ಈಜು ಕಲಿತವರಿಗೆ ಒಡನೆಯೇ ಧುಮುಕುವ ಮನಸ್ಸಾಗುವುದು ಸಹಜ. ಈಜು ಬಲ್ಲವರಿಗೂ ಅಲ್ಲಿ ಅಪಾಯ ಒದಗುವುದು ಸಾಮಾನ್ಯವಾಗಿ ಈ ಧುಮುಕುವಿಕೆಯಿಂದಲೇ. ನೀರಿನ ಆಳಕ್ಕಿಂತ ಅದರ ಶೈತ್ಯವನ್ನು ಮೊದಲು ವಿಚಾರಿಸತಕ್ಕದ್ದು.

ಆಲ್ಪ್ಸ್ ಸರೋವರಗಳಲ್ಲಿ ಬಹುಪಾಲು ಹಿಮಯುಗದ ಹಿಮನದಿಗಳು ಕೊರೆದ ಕಣಿವೆಗಳಲ್ಲಿ ನೀರು ನಿಂತು ಆದವು. ಆದ್ದರಿಂದಲೇ ಅವು ನಮ್ಮ ಕೆರೆಗಳಂತೆ ತಟ್ಟೆಯಾಕಾರದವಲ್ಲ. ಜಿನೀವಾ ಸರೋವರದ ಗರಿಷ್ಠ ಆಳ 310 ಮೀಟರು. ಇಟಲಿಯ ಗಾರ್ದಾ ಸರೋವರದ್ದು 346 ಮೀಟರು. ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಭಾರವಾಗಿರುವುದರಿಂದ ತಣ್ಣನೆಯ ನೀರು ಕೆಳಗಿಳಿದು, ಸೂರ್ಯನಿಂದ ಕಾದ ನೀರು ಕೆಲವೇ ಮೀಟರು ದಪ್ಪದ ಹೊದಿಕೆಯಂತೆ ಮೇಲೆ ತೇಲುತ್ತದೆ. ದಡದಲ್ಲಿ ಕೈ ಅದ್ದಿ ನೋಡಿದವನಿಗೆ ತಿಳಿಯುವುದು ಈ ಹೊದಿಕೆಯ ಉಷ್ಣತೆ ಮಾತ್ರ. ಬಲವಾದ ಗಾಳಿ ಬೀಸಿ ಅದನ್ನು ಎದುರು ದಡಕ್ಕೆ ತಳ್ಳಿತೆಂದರೆ ಕೆಳಗಿನ ತಣ್ಣೀರು ಮೇಲಕ್ಕೆ ಬರುತ್ತದೆ. ನಿನ್ನೆ ಹಿತವಾಗಿದ್ದ ನೀರು ಇಂದು ಕೊರೆಯಬಹುದು. ಸರೋವರದಿಂದ ಸರೋವರಕ್ಕೂ ಅಂತರವಿದೆ. ಆಸ್ಟ್ರಿಯದ ವ್ಯೋರ್ತರ್ ಸರೋವರ ನಡುಬೇಸಗೆಯಲ್ಲಿ 25 ಡಿಗ್ರಿಯವರೆಗೂ ಬೆಚ್ಚಗಾಗುತ್ತದೆ. ಕಡಿದಾದ ಬಂಡೆಗಳ ನಡುವೆ 190 ಮೀಟರು ಆಳವಿರುವ ಜರ್ಮನಿಯ ಕ್ಯೋನಿಗ್ಸ್ ಸರೋವರ ಅದೇ ದಿನಗಳಲ್ಲಿಯೂ ತಣ್ಣಗೇ ಇರುತ್ತದೆ.

ಸಂಸಾರದೊಡನೆ ಹೋಗುವವರಿಗೆ ಸ್ಲೊವೇನಿಯ ದೇಶದ ಬ್ಲೆಡ್ ಮತ್ತು ಬೋಹಿನ್ ಸರೋವರಗಳು ಅಚ್ಚುಕಟ್ಟಾದ ಜೋಡಿ. 1991ರವರೆಗೆ ಯುಗೊಸ್ಲಾವಿಯಕ್ಕೆ ಸೇರಿದ್ದ ಈ ನಾಡಿನ ವಾಯವ್ಯ ಮೂಲೆಯಲ್ಲಿ, ಒಂದರಿಂದ ಒಂದು ಸುಮಾರು 25 ಕಿಲೋಮೀಟರು ದೂರದಲ್ಲಿ ಅವು ಇವೆ. ಬ್ಲೆಡ್ ಸಮುದ್ರಮಟ್ಟದಿಂದ 475 ಮೀಟರು ಎತ್ತರದಲ್ಲಿದೆ; ಉದ್ದ ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಆಳ 30 ಮೀಟರು. ನಡುವೆ ಒಂದು ಪುಟ್ಟ ದ್ವೀಪ, ಅದರ ಮೇಲೊಂದು ಇಗರ್ಜಿ, ಅದಕ್ಕೆ ಹತ್ತಲು 99 ಮೆಟ್ಟಿಲು. ಪ್ಲೆತ್ನಾ ಎಂಬ ದೋಣಿಗಳನ್ನು ಅಂಬಿಗರು ನಿಂತುಕೊಂಡೇ ಹುಟ್ಟುಹಾಕಿ ನಡೆಸುತ್ತಾರೆ.

ಬ್ಲೆಡ್ ಆರೋಗ್ಯಧಾಮವಾದ ಕಥೆ ಸ್ವಾರಸ್ಯಕರವಾದುದು. 1823ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಅರ್ನಾಲ್ಡ್ ರಿಕ್ಲಿ ವೈದ್ಯಪದವೀಧರನಲ್ಲ. ಬಟ್ಟೆಗೆ ಬಣ್ಣ ಹಾಕುವ ಉದ್ಯಮದಿಂದ ಬಂದವನು. 1855ರಲ್ಲಿ ಇಲ್ಲಿ ಚಿಕಿತ್ಸಾಲಯವನ್ನು ತೆರೆದು ಬಿಸಿಲು, ಗಾಳಿ, ನೀರುಗಳನ್ನೇ ಔಷಧವಾಗಿ ಬಳಸಿದ. ರೋಗಿಗಳು ಮರದ ಗುಡಿಸಲುಗಳಲ್ಲಿ ತಂಗಿ, ಬೆಳಗ್ಗೆ ಹಗುರವಾದ ಉಡುಪಿನಲ್ಲಿ, ಬರಿಗಾಲಿನಲ್ಲಿ ಸುತ್ತಲ ಗುಡ್ಡಗಳಿಗೆ ನಡೆಯಬೇಕಾಗಿತ್ತು, ಊಟ ಮಿತವಾದುದು. ಶಕ್ತ್ಯನುಸಾರ ಸುಲಭದ ಹಾದಿ, ಕಷ್ಟದ ಹಾದಿ ಎಂದು ವಿಂಗಡಿಸಿ ನಡೆಸುತ್ತಿದ್ದನೆಂಬುದು ಗಮನಾರ್ಹ. ಪುಣೆಯ ಸಮೀಪದ ಉರುಳಿ ಕಾಂಚನದಲ್ಲಿ 1946ರಲ್ಲಿ ಗಾಂಧೀಜಿ ಆರಂಭಿಸಿದ ಪ್ರಕೃತಿ ಚಿಕಿತ್ಸಾಶ್ರಮವನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು. ರಿಕ್ಲಿಯ ಎಲ್ಲ ಪ್ರತಿಪಾದನೆಗಳನ್ನೂ ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲವಾದರೂ, ದಿನನಿತ್ಯದ ನಡಿಗೆಯ ವಿಷಯದಲ್ಲಿ ಅವನು ಹೇಳಿದುದು ನಿಂತಿದೆ.

ಇನ್ನು ತಣ್ಣೀರಿನ ವಿಚಾರ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶರೀರದ ಶಾಖವನ್ನು ಹೀರುತ್ತದೆ. ಆದರೆ ಮೊದಲ ಅಪಾಯ ಶಾಖನಷ್ಟದ್ದಲ್ಲ. ಚರ್ಮಕ್ಕೆ ಥಟ್ಟನೆ ಚಳಿ ತಾಗಿದಾಗ ಮನುಷ್ಯ ತನಗರಿವಿಲ್ಲದೆಯೇ ದೀರ್ಘವಾಗಿ ಉಸಿರೆಳೆಯುತ್ತಾನೆ. ಅನಂತರ ಉಸಿರಾಟ ಹಿಡಿತಕ್ಕೆ ಸಿಗದಷ್ಟು ವೇಗವಾಗುತ್ತದೆ, ನಾಡಿ ಏರುತ್ತದೆ, ಚರ್ಮದ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಹೆಚ್ಚುತ್ತದೆ. ಆ ಮೊದಲ ಉಸಿರಿನ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ನೀರು ಶ್ವಾಸಕೋಶವನ್ನು ಸೇರುತ್ತದೆ. ನುರಿತ ಈಜುಗಾರನಿಗೂ ಇದರಿಂದ ವಿನಾಯಿತಿಯಿಲ್ಲ. ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ ಈ ಪ್ರತಿಕ್ರಿಯೆ ತೀವ್ರ. ಹೃದ್ರೋಗ ಅಥವಾ ರಕ್ತದೊತ್ತಡವುಳ್ಳ ಹಿರಿಯರಿಗೆ ಇದೇ ಒಂದು ನಿಮಿಷ ಮಾರಕವಾಗಬಲ್ಲುದು. ಅಂಥವರು ವೈದ್ಯರ ಸಮ್ಮತಿಯಿಲ್ಲದೆ ತಣ್ಣೀರಿಗೆ ಇಳಿಯಲೇಕೂಡದು. ಒಂದರಿಂದ ಮೂರು ನಿಮಿಷಗಳಲ್ಲಿ ಉಸಿರು ತಹಬಂದಿಗೆ ಬರುತ್ತದೆ. ಆದ್ದರಿಂದ ಅಕಸ್ಮಾತ್ ಬಿದ್ದವರು ಕೈಕಾಲು ಬಡಿಯದೆ ಅಂಗಾತ ತೇಲುತ್ತ, ಉಸಿರು ನೆಲೆಗೊಂಡ ಮೇಲೆ ದಡದ ಕಡೆಗೆ ಸಾಗಬೇಕು. ಅತಿ ತಣ್ಣೀರಿನಲ್ಲಿ ಹತ್ತು ನಿಮಿಷವಾಗುವಷ್ಟರಲ್ಲಿ ಬೆರಳು, ತೋಳುಗಳ ಸ್ನಾಯುಗಳು ಮಾತು ಕೇಳುವುದನ್ನು ಬಿಡತೊಡಗುತ್ತವೆ. ದಡದಿಂದ ದೂರ ಹೋದವನು ಹೋದಷ್ಟೇ ದೂರ ಹಿಂದಿರುಗಬೇಕೆಂಬ ಲೆಕ್ಕವನ್ನು ಮರೆಯುವುದು ಆಗಲೇ! ಈಜುವುದಾದರೆ ದಡಕ್ಕೆ ಸಮಾನಾಂತರವಾಗಿ, ಕಾಲು ನಿಲ್ಲುವ ಆಳದಲ್ಲಿಯೇ ಈಜುವುದು ಉಚಿತ.

ನೀರಿಗೆ ನಡೆದು ಇಳಿಯಬೇಕು: ಮೊದಲು ಕಾಲು, ಆಮೇಲೆ ತೋಳು, ಮುಖ, ಕತ್ತುಗಳಿಗೆ ನೀರು ಚಿಮುಕಿಸಿಕೊಂಡು, ನಿಧಾನವಾಗಿ. ಮಕ್ಕಳ ಶರೀರದ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚಾದ್ದರಿಂದ ಅವರು ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ತುಟಿ ನೀಲಿಯಾಯಿತು, ನಡುಕ ಬಂತು ಎಂದರೆ ಮಗು ಎಷ್ಟೇ ಹಟ ಮಾಡಿದರೂ ಹೊರಕ್ಕೆ ಕರೆಯತಕ್ಕದ್ದು. ಹೊರಬಂದೊಡನೆ ಒದ್ದೆ ಬಟ್ಟೆ ಬಿಚ್ಚಿ, ಮೈ ಒರೆಸಿ, ಒಣಗಿದ ಉಣ್ಣೆಯ ಉಡುಪು ಹಾಕಿ, ಬಿಸಿ ಪಾನೀಯ ಕೊಡಬೇಕು. ಹೊರಗೆ ಬಂದ ಮೇಲೂ ಕೆಲವು ನಿಮಿಷ ಶರೀರದ ಒಳಗಿನ ಉಷ್ಣತೆ ಇಳಿಯುತ್ತಲೇ ಇರುತ್ತದೆಂಬುದು ಹಲವರಿಗೆ ತಿಳಿಯದು. ಮದ್ಯ ಮೈಯನ್ನು ಬೆಚ್ಚಗಿಡುತ್ತದೆಂಬುದು ಭ್ರಮೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಇದ್ದ ಶಾಖವನ್ನೂ ಹೊರಹಾಕುತ್ತದೆ.

ತಿಳಿನೀರು ತಾನಾಗಿ ಉಳಿಯುವುದಿಲ್ಲ ಎಂಬುದಕ್ಕೂ ಬ್ಲೆಡ್ ಸಾಕ್ಷಿ. ಜನವಸತಿಯ ಕೊಳೆ ಸೇರಿ ಪಾಚಿ ಬೆಳೆದು ಸರೋವರ ಕೆಡತೊಡಗಿದಾಗ, 1964ರಲ್ಲಿ ರಾದೋವ್ನಾ ನದಿಯ ಶುದ್ಧ ಜಲವನ್ನು ಅದಕ್ಕೆ ಹರಿಸಲಾಯಿತು. 1980ರ ದಶಕದ ಆರಂಭದಲ್ಲಿ, ತಳದಲ್ಲಿ ಕೊಳೆತು ನಿಂತ ನೀರನ್ನೇ ಕೊಳವೆಯಿಂದ ಹೀರಿ ಹೊರಕ್ಕೆ ಹರಿಸುವ ಏರ್ಪಾಡಾಯಿತು. ಫ್ರಾನ್ಸಿನ ಅನ್ನೆಸಿ ಸರೋವರದ ಸುತ್ತಲ ಊರುಗಳು 1957ರಲ್ಲಿ ಒಕ್ಕೂಟ ಮಾಡಿಕೊಂಡು, ಕೊಳಚೆ ಸರೋವರಕ್ಕೆ ಸೇರದಂತೆ ಸುತ್ತಲೂ ಕೊಳವೆಮಾರ್ಗ ಹಾಕಲು ತೊಡಗಿದ್ದವು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ಕಂಡವರು ಈ ಎರಡು ಖರ್ಚುಗಳನ್ನೂ ಅಪವ್ಯಯವೆನ್ನಲಾರರು.

ನಡಿಗೆಗೆ ಬೋಹಿನ್ ಹೆಚ್ಚು ಅನುಕೂಲ. 526 ಮೀಟರು ಎತ್ತರದಲ್ಲಿ, ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದೊಳಗಿರುವ ಇದು ಬ್ಲೆಡ್‌ಗಿಂತ ದೊಡ್ಡದು. ಆಳ 45 ಮೀಟರು. ಸಾವಿತ್ಸಾ ನದಿ ಸದಾ ಹೊಸ ನೀರನ್ನು ತರುವುದರಿಂದ ವರ್ಷಕ್ಕೆ ಸುಮಾರು ಮೂರು ಬಾರಿ ಸರೋವರದ ನೀರೆಲ್ಲ ಬದಲಾಗುತ್ತದೆ. ಆದ್ದರಿಂದಲೇ ಇದು ಬ್ಲೆಡ್‌ಗಿಂತ ತಣ್ಣಗೆ. ಈಜಿಗೆ ಜುಲೈ, ಆಗಸ್ಟ್ ತಿಂಗಳುಗಳೇ ಯೋಗ್ಯ. ಸುತ್ತಲ ಹಾದಿ ಸುಮಾರು 12 ಕಿಲೋಮೀಟರು. ಬ್ಲೆಡ್‌ನದು ಅದರ ಅರ್ಧ.

ಹುಲ್ಲುಗಾವಲು, ಪೊದೆಗಳಲ್ಲಿ ನಡೆಯುವಾಗ ಉಣುಗುಗಳ ಬಗ್ಗೆ ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಸ್ಸಿಗೆ ಹತ್ತಿರದ ಬಂಧುವಾದ ವೈರಸ್ಸೊಂದು ಅಲ್ಲಿಯ ಉಣುಗುಗಳಿಂದ ಹರಡಿ ಮಿದುಳಿನ ಉರಿಯೂತವನ್ನು ತರುತ್ತದೆ. ಅದಕ್ಕೆ ನಿರ್ದಿಷ್ಟ ಔಷಧವಿಲ್ಲ, ಲಸಿಕೆಯುಂಟು. ಹೆಚ್ಚು ದಿನ ತಂಗಿ ಕಾಡುಹಾದಿಗಳಲ್ಲಿ ತಿರುಗುವವರು ಕೆಲವು ತಿಂಗಳು ಮೊದಲೇ ವೈದ್ಯರನ್ನು ವಿಚಾರಿಸಬೇಕು. ಕಾಲು ಮುಚ್ಚುವ ಉಡುಪು ತೊಟ್ಟು, ಸಂಜೆ ಮಕ್ಕಳ ಕಂಕುಳು, ಮೊಣಕಾಲಿನ ಹಿಂಭಾಗ, ತಲೆಗೂದಲುಗಳನ್ನು ಪರೀಕ್ಷಿಸುವುದು ಎಲ್ಲರಿಗೂ ಹೇಳಿದ ಮಾತು. ಮಧ್ಯಾಹ್ನದ ಮೇಲೆ ಬೆಟ್ಟದ ನೆತ್ತಿಯಲ್ಲಿ ಮೋಡ ಕಟ್ಟಿತೆಂದರೆ ಗುಡುಗುಮಳೆ ದೂರವಿಲ್ಲ, ಆಗ ನೀರಿನಲ್ಲಿರಬಾರದು.

ಇಡೀ ಸುತ್ತು ನಡೆಯಲಾಗದ ಅಜ್ಜ ಅಜ್ಜಿಯರು ನಿರಾಶರಾಗಬೇಕಿಲ್ಲ. ಪೂರ್ವದ ತುದಿಯಲ್ಲಿರುವ ರಿಬ್ಚೆವ್ ಲಾಜ್ ಎಂಬ ಊರಿನಿಂದ ಪಶ್ಚಿಮದ ಉಕಾಂಟ್ಸ್‌ವರೆಗೆ ಬೇಸಗೆಯಲ್ಲಿ ಪ್ರಯಾಣಿಕರ ದೋಣಿ ಓಡಾಡುತ್ತದೆ. ಕಿರಿಯರು ಉತ್ತರದಂಡೆಯ ಹಾದಿಯಲ್ಲಿ ನಡೆದು ಬರಲಿ. ಹಿರಿಯರು ಬುತ್ತಿಯನ್ನು ಇಟ್ಟುಕೊಂಡು ದೋಣಿಯಲ್ಲಿ ದಾಟಿ, ಆಚೆ ದಡದ ನೆರಳಿನಲ್ಲಿ ಅವರಿಗಾಗಿ ಕಾಯಬಹುದು.