ಹುಳಿ ಬಿಯರಿನ ರುಚಿಯೂ ದಾಸ್ತಾನಿನ ಮೌಲ್ಯವೂ

ಬ್ರಸೆಲ್ಸ್ ನಗರದಲ್ಲಿ 1900ರಲ್ಲಿ ಸ್ಥಾಪಿತವಾದ ಕ್ಯಾಂಟಿಯೋನ್ ಎಂಬ ಕುಟುಂಬ ಒಡೆತನದ ಸಂಸ್ಥೆಯು 'ಕ್ರೀಕ್' ಎಂಬ ಚೆರಿ ಹಣ್ಣಿನ ಬಿಯರನ್ನು ತಯಾರಿಸುತ್ತದೆ. ಲೋಟವನ್ನು ಮೂಗಿನ ಬಳಿಗೆ ತಂದಾಗ ಹಣ್ಣಿನ ಪರಿಮಳ ತೋರಿದರೂ ನಾಲಿಗೆಗೆ ಸಿಹಿ ದೊರೆಯದು. ಮೊದಲ ಗುಟುಕಿಗೇ ತೀಕ್ಷ್ಣವಾದ ಹುಳಿ, ಅನಂತರ ಚೆರಿಯ ಬೀಜದಿಂದ ಬಂದ ಬಾದಾಮಿಯಂತಹ ಛಾಯೆ. ಹಣ್ಣಿನ ಸಕ್ಕರೆಯ ಬಹುಪಾಲನ್ನು ಯೀಸ್ಟ್ ಹುದುಗಿಸಿಬಿಟ್ಟಿರುತ್ತದೆ. ಲ್ಯಾಕ್ಟಿಕ್ ಆಮ್ಲ ಉಳಿಯುತ್ತದೆ. ಈ ಯೀಸ್ಟನ್ನು ಯಾರೂ ಹಾಕಿದುದಲ್ಲ. ಕುದಿಸಿದ ದ್ರವವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಟ್ಟಾಗ ಗಾಳಿಯಲ್ಲಿನ ಸೂಕ್ಷ್ಮಜೀವಿಗಳೇ ಬಂದು ಸೇರುತ್ತವೆ. ಆದುದರಿಂದ ಚಳಿಯ ತಿಂಗಳುಗಳಲ್ಲಿ ಮಾತ್ರ ಉತ್ಪಾದನೆ.

ಚೆರಿ ಸೇರುವುದು ಬಿಯರು ಮರದ ಪೀಪಾಯಿಯಲ್ಲಿ ದೀರ್ಘಕಾಲ ಮಾಗಿದ ಬಳಿಕ. ಅಷ್ಟು ಕಾಲವೂ ಬಂಡವಾಳಕ್ಕೆ ಬಿಡುಗಡೆಯಿಲ್ಲ. ಮಾರಾಟಯೋಗ್ಯವಾಗಲು ಸಾಮಾನ್ಯವಾಗಿ ಹನ್ನೆರಡು ತಿಂಗಳು ಬೇಕಾಗುವ ಇಂತಹ ಸರಕಿಗೆ ನೇರವಾಗಿ ಸಂಬಂಧಿಸಿದ ಸಾಲದ ಬಡ್ಡಿಯನ್ನು ಭಾರತದ ಲೆಕ್ಕಪತ್ರ ಮಾನಕ 16 ಸರಕಿನ ವೆಚ್ಚಕ್ಕೇ ಸೇರಿಸುತ್ತದೆ. ಕೆಲವೇ ವಾರಗಳಲ್ಲಿ ಸಿರಪ್ ಬೆರೆಸಿ ಹೊರಬರುವ ಸಿಹಿ ಬಿಯರಿಗೆ ಈ ಅವಕಾಶವಿಲ್ಲ.

ಅಪಾಯವೂ ಇದೆ. ಪೀಪಾಯಿಗೆ ಗಾಳಿ ಹೆಚ್ಚಾಗಿ ತಗುಲಿದರೆ ಅಸಿಟಿಕ್ ಆಮ್ಲ ಮೇಲುಗೈ ಸಾಧಿಸಿ ಬಿಯರು ವಿನೆಗರಿನತ್ತ ವಾಲುತ್ತದೆ. ಆಗ ಮಾನಕ 2ರಂತೆ ದಾಸ್ತಾನನ್ನು ವೆಚ್ಚಕ್ಕಲ್ಲ, ಅದಕ್ಕಿಂತ ಕಡಿಮೆಯಾದ ನಿವ್ವಳ ವಸೂಲಿ ಮೌಲ್ಯಕ್ಕೆ ಇಳಿಸಬೇಕು. ವರ್ಷಾಂತ್ಯದ ದಾಸ್ತಾನು ಪರಿಶೀಲನೆಯಲ್ಲಿ ಪೀಪಾಯಿಗಳನ್ನು ಎಣಿಸಿದರೆ ಸಾಲದು. ಪ್ರತಿಯೊಂದರಿಂದಲೂ ಒಂದು ಗುಟುಕನ್ನು ನುರಿತವರು ಸವಿದು ನೋಡಬೇಕಾಗುತ್ತದೆ.