ಶಾಸನಶೋಧ ಮತ್ತು ಅಪರಾಧಶೋಧ

ಅಪರಾಧದ ಪತ್ತೆಗೆ ಬೇಕಾದುದು ಕಾದಂಬರಿಯ ಚಮತ್ಕಾರವಲ್ಲ, ಕುರುಹನ್ನು ಓದುವ ತಾಳ್ಮೆ. ನಮ್ಮ ಬೆಳ್ಳಟ್ಟಿಗೆ ದೂರವಲ್ಲದ ಧಾರವಾಡದಲ್ಲಿಯೇ ಇದಕ್ಕೆ ನಿದರ್ಶನವುಂಟು. ಶಾಸನ ಹಾಗೂ ವಚನಗಳ ಸಂಶೋಧನೆಯಲ್ಲಿ ಆಯುಷ್ಯ ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ಹಂತಕರ ಸುಳಿವು ಬಹುಕಾಲ ದೊರೆಯಲಿಲ್ಲ. ಸ್ಥಳದಲ್ಲಿ ದೊರೆತ ಗುಂಡು, ಕಾಡತೂಸುಗಳು ಮಾತ್ರ ಉಳಿದಿದ್ದುವು.

2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರ ಹತ್ಯೆಯಾಯಿತು. ಬಿ. ಕೆ. ಸಿಂಗ್ ಅವರ ನೇತೃತ್ವದ ವಿಶೇಷ ತನಿಖಾ ದಳದಲ್ಲಿ ಎಂ. ಎನ್. ಅನುಚೇತ್ ತನಿಖಾಧಿಕಾರಿಯಾಗಿದ್ದರು. ಪ್ರತಿಯೊಂದು ಪಿಸ್ತೂಲೂ ತಾನು ಹಾರಿಸಿದ ಗುಂಡಿನ ಮೇಲೆ ತನ್ನದೇ ಗೀರುಗಳನ್ನು ಉಳಿಸುತ್ತದೆ. ವಿಧಿವಿಜ್ಞಾನ ತಜ್ಞರು ಎರಡೂ ಕಡೆಯ ಗುರುತುಗಳನ್ನು ಹೋಲಿಸಿ, 7.65 ಮಿ.ಮೀ.ನ ಒಂದೇ ನಾಡಪಿಸ್ತೂಲು ಎರಡು ಕೊಲೆಗಳಿಗೂ ಬಳಕೆಯಾಗಿದೆಯೆಂದು ವರದಿಯಿತ್ತರು. 2019ರಲ್ಲಿ ಸುಪ್ರೀಂ ಕೋರ್ಟು ಕಲಬುರ್ಗಿ ಪ್ರಕರಣವನ್ನೂ ಇದೇ ದಳಕ್ಕೆ ಒಪ್ಪಿಸಿತು. ಅದೇ ವರ್ಷ ಆರೋಪಪಟ್ಟಿಯೂ ಸಲ್ಲಿಕೆಯಾಯಿತು.

ಕಲ್ಲಿನ ಲಿಪಿಯನ್ನು ಲಿಪಿಯೊಡನೆ ಹೋಲಿಸಿ ಶಾಸನದ ಕಾಲವನ್ನರಿಯುವ ವಿದ್ವಾಂಸನ ಮಾರ್ಗವೂ ಇದೇ. ಅಪರಾಧಿ ಯಾರೆಂಬ ತೀರ್ಪು ನ್ಯಾಯಾಲಯಕ್ಕೆ ಸೇರಿದ್ದು. ಕುರುಹನ್ನು ಕಳೆಯದೆ ಕಾಯುವುದು, ಹೋಲಿಸಿ ನೋಡದೆ ನುಡಿಯದಿರುವುದು ಇಬ್ಬರಿಗೂ ಸಮಾನ ಧರ್ಮ. ಈ ಶಿಸ್ತನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸುವುದು ಅಧ್ಯಾಪಕರ ಹೊಣೆ.