ಅಣ್ಣ ಕೈ ಬಿಟ್ಟ ರಾತ್ರಿ

ಪ್ರಶ್ನೆ: ನನಗೆ ಹತ್ತೊಂಬತ್ತು ವರ್ಷ. ಚೀಕಲಪರ್ವಿಯವನು, ರಾಯಚೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೇನೆ. ನನ್ನ ಹೆತ್ತ ತಾಯಿ ಸಿಂಧನೂರಿನ ಬಂಗಾಲಿ ಕ್ಯಾಂಪಿನವಳು, 1983ರಲ್ಲಿ ಅಲ್ಲೇ ಹುಟ್ಟಿದವಳು. ಅಪ್ಪ ಮಾನ್ವಿ ಕಡೆಯ ಲಾರಿ ಡ್ರೈವರ್. ಎರಡೂ ಮನೆಯವರು ಬೇಡವೆಂದರೂ ಲಗ್ನವಾಗಿ ಚೀಕಲಪರ್ವಿಯಲ್ಲಿ ಬಾಡಿಗೆ ಮನೆ ಮಾಡಿದ್ದರು. ನನಗೆ ನಾಲ್ಕು ವರ್ಷವಿದ್ದಾಗ ಅಪ್ಪ ಅಪಘಾತದಲ್ಲಿ ಹೋದರು. ಆರು ವರ್ಷವಿದ್ದಾಗ ಮಾ ಜಡ್ಡಾಗಿ ಹೋದಳು. ಆಕೆಯನ್ನು ‘ಮಾ’ ಅಂತಿದ್ದೆ. ಅಪ್ಪನ ಅಣ್ಣತಮ್ಮಂದಿರು ಮಣ್ಣಿಗೆ ಬಂದು ಹಾಗೇ ಹೊರಳಿ ಹೋದರು. ಪಕ್ಕದ ಮನೆಯ ಅಂಬಿಗರ ಅವ್ವ ನನ್ನನ್ನು ಒಳಗೆ ಕರೆದುಕೊಂಡಳು. ಅವತ್ತಿನಿಂದ ಅದೇ ನನ್ನ ಮನೆ. ಅವರ ಮಗ ನನಗಿಂತ ಐದು ವರ್ಷ ದೊಡ್ಡವನು, ಅವನನ್ನು ಅಣ್ಣ ಅಂತಲೇ ಕರೆಯುತ್ತ ಬೆಳೆದೆ. ಹರಗೋಲು ನಡೆಸುವುದು, ಬಲೆ ಬೀಸುವುದು ಎಲ್ಲ ಅವನೇ ಕಲಿಸಿದ್ದು.

ಎರಡು ವರ್ಷದಿಂದ ಎಲ್ಲ ಬದಲಾಗಿದೆ. ಹಾಸ್ಟೆಲಿನಲ್ಲಿ ನನ್ನ ಹೆಸರೇ ‘ಬಾಂಗ್ಲಾ’ ಆಗಿದೆ. ಮೊಬೈಲಿನಲ್ಲಿ ಬಾಂಗ್ಲಾದೇಶಿಗಳನ್ನು ಹಿಡಿದ ಸುದ್ದಿ ಬಂದರೆ ನನ್ನ ಮುಖದ ಮುಂದೆ ಹಿಡಿದು ನಗುತ್ತಾರೆ. ಅದನ್ನು ತಡೆದುಕೊಂಡೆ. ಆದರೆ ಈ ಸಲದ ಮೊಹರಂನಲ್ಲಿ ನಮ್ಮೂರಲ್ಲೇ ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆ ಹಾಕುವಾಗ ಒಬ್ಬ ನನ್ನ ಅಂಗಿ ಹಿಡಿದು ಹೊರಗೆ ಎಳೆದ. ‘ಬಾಂಗ್ಲಾದವ್ನಿಗೆ ಇಲ್ಲೇನ್ ಕೆಲ್ಸ’ ಅಂದ. ನಾನು ಹಿಡಿದಿದ್ದದ್ದು ಅಣ್ಣನ ಕೈ. ಅಣ್ಣ ಕೈ ಬಿಟ್ಟ. ಒಂದು ಮಾತೂ ಆಡಲಿಲ್ಲ, ಮುಂದಿನವನ ಕೈ ಹಿಡಿದು ಕುಣಿಯುತ್ತಲೇ ಇದ್ದ. ಅವ್ವ ನೊಂದುಕೊಳ್ಳುತ್ತಾಳೆ ಅಂತ ಮನೆಯಲ್ಲಿ ಹೇಳಿಲ್ಲ. ಅಣ್ಣನ ಜೊತೆ ಮಾತು ಬಿಟ್ಟಿದ್ದೇನೆ.

ಈಗ ಕ್ಯಾಂಪಿನಿಂದ ಮಾಮಾ ಬಂದಿದ್ದರು, ನನ್ನ ತಾಯಿಯ ತಮ್ಮ. ‘ನೀನು ನಮ್ಮ ರಕ್ತ, ನಮ್ಮಲ್ಲಿಗೆ ಬಾ’ ಅಂದರು. ಒಮ್ಮೆ ಹೋಗಿದ್ದೆ. ಅಲ್ಲಿಯ ಹುಡುಗರು ನನ್ನನ್ನು ‘ಕನ್ನಡದವನು’ ಅಂತಾರೆ. ನನಗೆ ಬಂಗಾಲಿ ಬರುವುದಿಲ್ಲ. ರಾತ್ರಿ ನಿದ್ದೆ ಇಲ್ಲ. ನಾನು ಯಾರವನು? ಎಲ್ಲಿಗೆ ಹೋಗಲಿ?

ಉತ್ತರ: ತಮ್ಮಾ, ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕೇಳಿರುವ ಪ್ರಶ್ನೆ ಎಲ್ಲಿಗೆ ಹೋಗಲಿ ಅಂತ. ಆದರೆ ನಿನ್ನನ್ನು ನಿದ್ದೆಗೆಡಿಸುತ್ತಿರುವುದು ಆ ಬಿಟ್ಟುಹೋದ ಕೈ. ಅಂಗಿ ಎಳೆದವನ ಬಗ್ಗೆ ಒಂದೇ ಸಾಲು ಬರೆದಿದ್ದೀ, ಅಣ್ಣನ ಬಗ್ಗೆ ಬರೆಯುವಾಗ ಅಕ್ಷರಗಳೇ ಓರೆಯಾಗಿವೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿನ್ನ ಅಣ್ಣ ಮಾಡಿದ್ದು ತಪ್ಪು. ಅದಕ್ಕೆ ಬಣ್ಣ ಹಚ್ಚುವುದಿಲ್ಲ. ನಮ್ಮ ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಮೊಹರಂ ಎಂಥ ಹಬ್ಬ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಮುಸಲ್ಮಾನರ ಮನೆಯೇ ಇಲ್ಲದ ಊರಲ್ಲೂ ಪೀರಲ ದೇವರನ್ನು ಕೂರಿಸುತ್ತಾರೆ. ಕುರುಬರು, ಅಂಬಿಗರು, ನಾಯಕರು, ಲಿಂಗಾಯತರು ಒಂದೇ ವರ್ತುಲದಲ್ಲಿ ಹೆಜ್ಜೆ ಹಾಕುತ್ತಾರೆ. ಅಲ್ಲಿ ಯಾರ ಕೈಯನ್ನು ಯಾರು ಹಿಡಿದರು ಅಂತ ಕೇಳುವವರಿಲ್ಲ. ಅಂಥ ಜಾಗದಿಂದ ನಿನ್ನನ್ನು ಎಳೆದು ಹಾಕಿದಾಗ ಪಕ್ಕದಲ್ಲಿದ್ದವನು ಸುಮ್ಮನಿದ್ದ ಅಂದರೆ ಅದು ನೋಯುವಂಥದೇ. ನೀನು ಸೂಕ್ಷ್ಮದವನು, ಅದಕ್ಕೇ ಹೀಗಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡ.

ಇನ್ನೊಂದು ಮಾತನ್ನು ಮಾತ್ರ ಸ್ವಲ್ಪ ಖಾರವಾಗಿಯೇ ಹೇಳಬೇಕು. ಅವ್ವ ನೊಂದುಕೊಳ್ಳುತ್ತಾಳೆ ಅಂತ ಮನೆಯಲ್ಲಿ ಹೇಳಲಿಲ್ಲ ಅಂದಿದ್ದೀ. ಹದಿಮೂರು ವರ್ಷ ಆ ಮನೆಯಲ್ಲಿ ಮಗನಾಗಿದ್ದವನು ಅವತ್ತಿನ ರಾತ್ರಿಯಿಂದ ನೆಂಟನಾಗಿದ್ದೀ. ಮನೆಗೆ ಬಂದವನು ಸಾರಿನಲ್ಲಿ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡು ಎದ್ದು ಹೋಗುತ್ತಾನೆ. ಮನೆಯ ಮಗ ತಟ್ಟೆ ಸರಿಸಿ ಕೂಗಾಡುತ್ತಾನೆ. ಅಂಗಿ ಎಳೆದವನು ನಿನ್ನನ್ನು ವರ್ತುಲದಿಂದ ಹೊರಗೆ ಹಾಕಿದ, ಆದರೆ ಮನೆಯಿಂದ ಹೊರಗೆ ಹಾಕಿಕೊಂಡವನು ನೀನೇ. ನೀನು ಜಗಳ ಆಡಬೇಕಿತ್ತು. ಈಗಲೂ ತಡವಾಗಿಲ್ಲ, ಆಡು.

ಅಣ್ಣನ ಜೊತೆ ಮಾತಾಡುವುದನ್ನು ಅಂಗಳದಲ್ಲಿ, ನಾಲ್ಕು ಜನರ ಎದುರಿಗೆ ಮಾಡಬೇಡ. ದಸರಾ ರಜೆಗೆ ಊರಿಗೆ ಹೋದಾಗ ಒಂದು ಬೆಳಿಗ್ಗೆ ಹರಗೋಲಿನಲ್ಲಿ ಇಬ್ಬರೇ ಹೋಗಿ. ಹೊಳೆಯ ನಡುವೆ ಹರಗೋಲಿನಿಂದ ಎದ್ದು ಹೋಗಲು ಆಗುವುದಿಲ್ಲ, ಕೈಯಲ್ಲಿ ಹುಟ್ಟು ಇರುವಾಗ ಮುಖ ನೋಡದೆಯೂ ಮಾತಾಡಬಹುದು. ಉದ್ದ ಬೇಡ. ‘ಅಣ್ಣಾ, ಅವತ್ತು ನೀ ನನ್ನ ಕೈ ಯಾಕ ಬಿಟ್ಟಿ?’ ಇಷ್ಟು ಕೇಳು. ಆಮೇಲೆ ಸುಮ್ಮನಿರು. ಅವನು ಏನಂತಾನೋ ನನಗೆ ಗೊತ್ತಿಲ್ಲ. ಅಂಜಿದೆ ಅನ್ನಬಹುದು. ಆ ಹುಡುಗರ ಜೊತೆಯೇ ನಾಳೆ ಕೂಲಿಗೆ, ಭತ್ತದ ಗಾಡಿಗೆ ಹೋಗಬೇಕು ಅನ್ನಬಹುದು. ಸಿಟ್ಟಿಗೇಳಲೂಬಹುದು. ಇಪ್ಪತ್ನಾಲ್ಕರ ಹುಡುಗ ಊರ ಗೆಳೆಯರ ಎದುರಿಗೆ ನಿಲ್ಲುವುದು ಸಣ್ಣ ಕೆಲಸವಲ್ಲ ಅನ್ನುವುದನ್ನು ನೀನೂ ತಿಳಿದುಕೊಳ್ಳಬೇಕು. ಅವತ್ತೇ ತಪ್ಪಾಯಿತು ಅನ್ನದಿದ್ದರೆ ನಿರಾಶನಾಗಬೇಡ. ಈ ಮಾತು ಅವನೊಳಗೂ ಎರಡು ತಿಂಗಳಿಂದ ಕೊರೆಯುತ್ತಿರುತ್ತದೆ ಅಂತ ನನ್ನ ಅನುಭವ ಹೇಳುತ್ತದೆ. ಅವ್ವನಿಗೂ ಹೇಳು. ಆಕೆ ಅಳುತ್ತಾಳೆ. ಅಳಲಿ, ಮಗನ ನೋವಿಗೆ ಅಳುವ ಹಕ್ಕು ಆಕೆಗಿದೆ.

ಇನ್ನು ‘ಬಾಂಗ್ಲಾ’ ಅನ್ನುವ ಮಾತು. ಇದರಲ್ಲಿ ಎರಡು ಭಯ ಸೇರಿವೆ. ಒಂದು ಅವಮಾನದ್ದು, ಇನ್ನೊಂದು ಯಾರಾದರೂ ಬಂದು ಕಾಗದ ಕೇಳಿದರೆ ಏನು ಮಾಡಲಿ ಅನ್ನುವುದು. ನೀನು ಬಾಯಿಬಿಟ್ಟು ಬರೆದಿಲ್ಲ, ಆದರೂ ತಾಯಿ ಹುಟ್ಟಿದ ವರ್ಷವನ್ನು ಕಾಗದದಲ್ಲಿ ಕಾಣಿಸಿದ್ದರ ಹಿಂದೆ ಅದೇ ಅಂಜಿಕೆ ಇದೆ. ಆ ವರ್ಷವೇ ನಿನಗೆ ಉತ್ತರ. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಹಿಂದಿನ ದಿನದವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಎಲ್ಲಿಯವರೇ ಆಗಿರಲಿ, ಹುಟ್ಟಿನಿಂದಲೇ ಭಾರತದ ಪೌರರು. ನಿನ್ನ ಮಾ 1983ರಲ್ಲಿ ಸಿಂಧನೂರಿನ ನೆಲದ ಮೇಲೆ ಹುಟ್ಟಿದಾಕೆ. ಅಪ್ಪ ಮಾನ್ವಿಯವರು. ಹಾಗಾಗಿ ನೀನು ಯಾರಿಂದಲೂ ಪೌರತ್ವ ಬೇಡಬೇಕಾಗಿಲ್ಲ. ನಿನ್ನ ಜನನ ಪ್ರಮಾಣಪತ್ರ, ಮಾ ಕ್ಯಾಂಪಿನ ಶಾಲೆಯಲ್ಲಿ ಓದಿದ್ದರೆ ಅಲ್ಲಿಯ ಟಿ.ಸಿ. ಅಥವಾ ದಾಖಲಾತಿಯ ನಕಲು, ಅಪ್ಪ, ಮಾ ಇಬ್ಬರ ಮರಣ ಪ್ರಮಾಣಪತ್ರ, ಇವನ್ನು ಒಂದು ಫೈಲಿನಲ್ಲಿ ಜೋಡಿಸಿಡು. ಶಾಲೆಯ ದಾಖಲೆ ತೆಗೆಸಲು ನಿನ್ನ ಮಾಮಾನೇ ಸರಿಯಾದ ಮನುಷ್ಯ. ಎಲ್ಲಾದರೂ ತೊಡಕಾದರೆ ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳು, ಸಲಹೆಗೆ ದುಡ್ಡು ಕೊಡಬೇಕಾಗಿಲ್ಲ. ಫೈಲು ಹಾಸ್ಟೆಲಿನ ಹುಡುಗರಿಗೆ ತೋರಿಸಲಿಕ್ಕಲ್ಲ. ಅವರಿಗೆ ಏನನ್ನೂ ತೋರಿಸುವ ಋಣ ನಿನಗಿಲ್ಲ. ನೀನು ರಾತ್ರಿ ಮಲಗಲಿಕ್ಕೆ ಅದು ಬೇಕು.

ಕ್ಯಾಂಪಿನವರ ಬಗ್ಗೆಯೂ ಒಂದಿಷ್ಟು ತಿಳಿದುಕೋ, ಏಕೆಂದರೆ ಅದು ನಿನ್ನ ಅರ್ಧ ಚರಿತ್ರೆ. ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸಿಕೊಂಡು ಬಂದ ಬಂಗಾಲಿ ಕುಟುಂಬಗಳನ್ನು ಸರಕಾರವೇ ತಂದು 1970ರ ದಶಕದ ಆಸುಪಾಸಿನಲ್ಲಿ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಇರಿಸಿತು. ಬರ್ಮಾದಿಂದ ಮರಳಿದವರೂ ಅಲ್ಲಿದ್ದಾರೆ. ಕ್ಯಾಂಪುಗಳಿಗೆ ಹೆಸರೂ ಇರಲಿಲ್ಲ, ಒಂದು, ಎರಡು, ಮೂರು ಅಂತ ನಂಬರು. ಅವರಲ್ಲಿ ಹೆಚ್ಚಿನವರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಈ ಜನ ಇಲ್ಲಿ ಆ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಕಚೇರಿ ಅಲೆದಿದ್ದಾರೆ. 2024ರ ಆಗಸ್ಟಿನಲ್ಲಿ ಆ ಕ್ಯಾಂಪಿನ ಐವರಿಗೆ ತಿದ್ದುಪಡಿಯಾದ ಪೌರತ್ವ ಕಾಯ್ದೆಯಡಿ ಪೌರತ್ವ ಸಿಕ್ಕಿತು. ಎಷ್ಟು ದಶಕ ಕಳೆದ ಮೇಲೆ ಅಂತ ಲೆಕ್ಕ ಹಾಕು. ನಿನ್ನ ಮಾಮಾ ‘ನಮ್ಮ ರಕ್ತ’ ಅಂದಾಗ ನಿನಗೆ ಸ್ವಲ್ಪ ಮುಜುಗರವಾಗಿದೆ ಅಂತ ಕಾಣುತ್ತದೆ. ನೆಲ ಕಳೆದುಕೊಂಡು ಬಂದವರಿಗೆ ಕೈಯಲ್ಲಿ ಉಳಿದದ್ದು ರಕ್ತಸಂಬಂಧ ಒಂದೇ. ಆ ಮಾತನ್ನು ಆ ಸಂಕಟದಿಂದ ಬಂದದ್ದು ಅಂತ ಕೇಳಿಸಿಕೋ.

ನಿನ್ನ ಹಾಸ್ಟೆಲಿನ ಗೆಳೆಯರ ಊರುಗಳ ಹೆಸರನ್ನೂ ಒಮ್ಮೆ ಗಮನಿಸು. ಮಾನ್ವಿ, ಸಿಂಧನೂರು ತಾಲ್ಲೂಕಿನಲ್ಲಿ ಎಷ್ಟು ಊರುಗಳ ಹಿಂದೆ ‘ಕ್ಯಾಂಪ್’ ಅಂತ ಇದೆ! 1953ರಲ್ಲಿ ತುಂಗಭದ್ರಾ ಅಣೆಕಟ್ಟು ಕಟ್ಟಿ, ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರುಗಳು ಅವು. ಅವರ ಮೊಮ್ಮಕ್ಕಳನ್ನು ಈಗ ಯಾರೂ ಅಂಗಿ ಹಿಡಿದು ಎಳೆಯುವುದಿಲ್ಲ. ಹೊರಗಿನಿಂದ ಬರುವುದು ಈ ಸೀಮೆಗೆ ಹೊಸದಲ್ಲ. ಬಡವನಾಗಿ, ಬೇರೆ ಮುಖದವನಾಗಿ ಬಂದವನನ್ನು ಮಾತ್ರ ಯಾವತ್ತೂ ಎಲ್ಲಿಯವನು ಅಂತ ಕೇಳುತ್ತಾರೆ. ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿ ಹುಡುಗರನ್ನು ಈಗಲೂ ಬೆಂಗಳೂರಿನಲ್ಲಿ ಯಾವ ದೇಶ ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಅವರ ಹಿರಿಯರು ಆಫ್ರಿಕದಿಂದ ಬಂದು ಶತಮಾನಗಳೇ ಆಗಿವೆ. ಆ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಆದರೂ ಆ ಪ್ರಶ್ನೆ ನಿಂತಿಲ್ಲ. ಪ್ರಶ್ನೆ ಕೇಳುವವರು ನಿಲ್ಲಿಸುವವರೆಗೆ ನೀನು ಬದುಕು ನಿಲ್ಲಿಸಿ ಕೂರಲು ಆಗುವುದಿಲ್ಲ ಅಂತ ಹೇಳಲಿಕ್ಕೆ ಇದನ್ನು ಬರೆದೆ.

ನಿಮ್ಮೂರಿನದೇ ಒಂದು ಕಥೆ ನಿನಗೆ ಗೊತ್ತಿದ್ದೂ ಮರೆತಿದ್ದೀ. ಚೀಕಲಪರ್ವಿ ಅಂದರೆ ಹೊರಗಿನವರಿಗೆ ವಿಜಯದಾಸರ ಊರು. 1682ರಲ್ಲಿ ಅಲ್ಲಿ ಹುಟ್ಟಿ, ಕಡುಬಡತನದಲ್ಲಿ ಬೆಳೆದು, ಊರು ಬಿಟ್ಟು ಕಾಶಿಗೆ ಹೋಗಿ ದಾಸರಾಗಿ ಬಂದವರು. ಅವರಿಗೊಬ್ಬ ಸಾಕುಮಗ ಇದ್ದ. ಕೂಸನ್ನು ಕಟ್ಟಿಕೊಂಡು ಜೀವ ಕಳೆದುಕೊಳ್ಳಲು ಹೊರಟಿದ್ದ ಹೆಣ್ಣುಮಗಳನ್ನು ದಾಸರು ತಡೆದು ಮನೆಗೆ ಕರೆತಂದರು ಅಂತ ಹೇಳುತ್ತಾರೆ. ಆ ಕೂಸೇ ಮೋಹನದಾಸರು. ‘ಮೋಹನ ವಿಠಲ’ ಅನ್ನುವ ಅಂಕಿತದಲ್ಲಿ ಅವರು ಹಾಡು ಕಟ್ಟಿದರು. ಇಷ್ಟು ವರ್ಷ ಆ ಹಾಡು ಹೇಳಿದವರು ಇವರು ಹೆತ್ತ ಮಗನೋ ಸಾಕಿದ ಮಗನೋ ಅಂತ ವಿಚಾರಿಸಿಲ್ಲ. ಈ ಕಥೆಯಿಂದ ಊರಿನ ಜಾತಿಯ ಬಾಗಿಲುಗಳೆಲ್ಲ ತೆರೆದವು ಅಂತ ನಾನು ಹೇಳುವುದಿಲ್ಲ, ತೆರೆದಿಲ್ಲ ಅಂತ ನಿನಗೂ ಗೊತ್ತು. ನನಗೆ ಈ ಕಥೆಯಲ್ಲಿ ಹೆಚ್ಚು ಕಾಡುವುದು ದಾಸರ ಹೆಂಡತಿ ಅರಳಮ್ಮ. ಮನೆಯಲ್ಲಿ ಹಿಡಿ ಹಿಟ್ಟಿಗೂ ತತ್ವಾರ ಇರುವಾಗ ಇನ್ನೊಂದು ಬಾಯಿ ಬಂದಿತ್ತು. ಒಲೆಯ ಮುಂದೆ ಕೂತು ಆ ಲೆಕ್ಕ ಹಾಕಿದವಳು ಆಕೆಯೇ ಇರಬೇಕು.

ನಿನ್ನ ಅವ್ವನೂ ಅದೇ ಲೆಕ್ಕ ಹಾಕಿದವಳು. ಕಾಗದದ ಕೊನೆಗೆ, ಸಹಿ ಮಾಡಿದ ಮೇಲೆ, ಒಂದು ವಿಷಯವನ್ನು ಸಣ್ಣಕ್ಷರದಲ್ಲಿ ಸೇರಿಸಿದ್ದೀ. ಮಾ ಹೋದ ಮೇಲೆ ನೀನು ಊಟ ಬಿಟ್ಟಿದ್ದಿ. ಅವ್ವ ಸಿಂಧನೂರಿನ ಸಂತೆಗೆ ಹೋಗಿ, ಮೀನು ಮಾರುತ್ತಿದ್ದ ಬಂಗಾಲಿ ಹೆಂಗಸರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನಿಮ್ಮಲ್ಲಿ ಮೀನು ಹೆಂಗ ಮಾಡ್ತೀರಿ ಅಂತ ಕೇಳಿಕೊಂಡು ಬಂದಳು. ಒಳಕಲ್ಲಿನಲ್ಲಿ ಸಾಸಿವೆ ಅರೆದಳು. ಮೊದಲ ಸಲ ಕಹಿಯಾಗಿತ್ತು, ಸಾಕಿದ ಅಪ್ಪ, ಅಣ್ಣ ಇಬ್ಬರೂ ಮುಖ ಕಿವಿಚಿಕೊಂಡು ಉಂಡರು. ನೀನು ಉಂಡೆ. ತಮ್ಮಾ, ಅಂಬಿಗರ ಹೆಣ್ಣುಮಗಳಿಗೆ ಮೀನು ಮಾಡುವುದನ್ನು ಇನ್ನೊಬ್ಬರು ಕಲಿಸಬೇಕೆ? ಆಕೆ ತನ್ನ ಕೈಯ ರುಚಿಯನ್ನು ಬದಿಗಿಟ್ಟು ಇನ್ನೊಬ್ಬ ತಾಯಿಯ ಕೈಯನ್ನು ಕಲಿತಳು. ನೀನು ಯಾರವನು ಅಂತ ನನ್ನನ್ನು ಕೇಳಿದ್ದೀ. ಇದಕ್ಕಿಂತ ದೊಡ್ಡ ಕಾಗದವನ್ನು ಯಾವ ತಹಶೀಲ್ದಾರರೂ ಬರೆದುಕೊಡಲಾರರು.

ಸರಕಾರದ ಕಾಗದದ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ನಿನ್ನನ್ನು ದತ್ತು ತೆಗೆದುಕೊಂಡ ಬರಹ ಇಲ್ಲ ಅಂತ ಕಾಣುತ್ತದೆ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಹದಿನೈದು ತುಂಬಿದ ಮೇಲೆ, ಸಮುದಾಯದಲ್ಲಿ ಅಂಥ ರೂಢಿ ಇದ್ದರೆ ಹೊರತು, ದತ್ತು ಆಗುವುದಿಲ್ಲ. ಅದಕ್ಕಾಗಿ ಕೊರಗಬೇಡ. ಅವ್ವ, ಸಾಕಿದ ಅಪ್ಪ ಏನಾದರೂ ಕೊಡಬೇಕು ಅಂದುಕೊಂಡರೆ ಮರಣಶಾಸನ ಬರೆಯಬಹುದು, ಆದರೆ ಆ ಮಾತು ನಿನ್ನ ಬಾಯಿಂದ ಬರುವುದು ಬೇಡ. ಮನೆ, ಬಲೆ, ಹರಗೋಲು ಅಣ್ಣನಿಗೇ ಇರಲಿ. ಆಸ್ತಿಯ ಮಾತು ನಡುವೆ ಬಂದರೆ ಹರಗೋಲಿನಲ್ಲಿ ಆಡಬೇಕಾದ ಮಾತು ಕೆಟ್ಟುಹೋಗುತ್ತದೆ.

ಮಾಮಾನ ಹತ್ತಿರ ಹೋಗು. ಖಂಡಿತ ಹೋಗು. ಅಲ್ಲಿಗೆ ಹೋದರೆ ಇಲ್ಲಿ ಬಿಟ್ಟ ಹಾಗೆ ಅಂತ ಯಾಕೆ ತಿಳಿದಿದ್ದೀ? ಒಂದು ಮನೆ ಆರಿಸಿಕೋ ಅಂತ ನಿನ್ನನ್ನು ಯಾರೂ ಕೇಳಿಲ್ಲ, ಮಾಮಾ ಸಹ ಕೇಳಿಲ್ಲ. ಬಾ ಅಂದಿದ್ದಾರೆ, ಅಷ್ಟೇ. ಮಾ ಚಿಕ್ಕವಳಿದ್ದಾಗ ಹೇಗಿದ್ದಳು, ಯಾವುದಕ್ಕೆ ನಗುತ್ತಿದ್ದಳು ಅಂತ ಹೇಳಬಲ್ಲವರು ಇರುವುದು ಅಲ್ಲಿ ಮಾತ್ರ. ಬಂಗಾಲಿ ಬರುವುದಿಲ್ಲ ಅಂತ ನಾಚಿಕೊಳ್ಳಬೇಡ, ನಿನಗೆ ‘ಮಾ’ ಅನ್ನಲು ಬರುತ್ತದೆ, ಅಲ್ಲಿಂದ ಶುರು ಮಾಡು. ಹೋಗುವ ಮೊದಲು ಕಾಲೇಜಿನ ಗ್ರಂಥಾಲಯದಲ್ಲಿ ರವೀಂದ್ರನಾಥ ಟ್ಯಾಗೋರರ ‘ಗೋರಾ’ ಸಿಗುತ್ತದೆಯೇ ನೋಡು. 1910ರಲ್ಲಿ ಪುಸ್ತಕವಾಗಿ ಬಂದ ಕಾದಂಬರಿ. 1857ರ ದಂಗೆಯ ಹೊತ್ತಿನಲ್ಲಿ ಐರಿಷ್ ದಂಪತಿಗೆ ಹುಟ್ಟಿ, ಬಂಗಾಲಿ ಮನೆಯಲ್ಲಿ ಬೆಳೆದ ಹುಡುಗನದು. ತಾನು ಯಾರೆಂದು ಗೊತ್ತಿಲ್ಲದೆ ಕಟ್ಟಾ ಸಂಪ್ರದಾಯಸ್ಥನಾಗಿ ಬೆಳೆಯುತ್ತಾನೆ. ಸತ್ಯ ಗೊತ್ತಾದ ದಿನ ಅವನು ಯಾರ ಹತ್ತಿರ ಹಿಂದಿರುಗುತ್ತಾನೆ ಅಂತ ನಾನು ಹೇಳುವುದಿಲ್ಲ, ನೀನೇ ಓದು.

ನಿದ್ದೆಯ ವಿಷಯ ಹಗುರಾಗಿ ತೆಗೆದುಕೊಳ್ಳಬೇಡ. ಈ ವಾರವೇ 14416ಕ್ಕೆ ಫೋನ್ ಮಾಡು, ಅದು ಟೆಲಿ ಮಾನಸ್, ಸರಕಾರದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ. ಹಾಸ್ಟೆಲಿನಲ್ಲಿ ಕಾಟ ಮುಂದುವರಿದರೆ ದಿನಾಂಕ, ಹೇಳಿದ ಮಾತು ಬರೆದಿಟ್ಟುಕೊಂಡು ವಾರ್ಡನ್‌ಗೆ ಲಿಖಿತವಾಗಿ ಕೊಡು, ಒಂದು ನಕಲಿನ ಮೇಲೆ ಸಹಿ ಹಾಕಿಸಿಕೋ.

ಕ್ಯಾಂಪಿಗೆ ದುರ್ಗಾಪೂಜೆಯ ಹೊತ್ತಿಗೆ ಹೋಗು, ಅವ್ವನನ್ನೂ ಕರೆದುಕೊಂಡು ಹೋಗು. ಬಸ್ಸು ಪೋತ್ನಾಳ ದಾಟುವ ಹೊತ್ತಿಗೆ ಆಕೆ, ನಾ ಅಲ್ಲಿ ಬಂದು ಏನ್ ಮಾಡ್ಲಿ, ಅವರ ಭಾಷಾ ನನಗ ತಿಳಿಯಂಗಿಲ್ಲ ಅಂತ ಗೊಣಗುತ್ತಾಳೆ. ಗೊಣಗಲಿ. ನಿನ್ನ ಮಾಮಿಯ ಅಡಿಗೆಮನೆಯಲ್ಲಿ ಇಬ್ಬರನ್ನೂ ಕೂರಿಸಿ, ಸಾಸಿವೆ ಎಷ್ಟು ಅರೆಯಬೇಕು, ಕಹಿ ಆಗದ ಹಾಗೆ ಏನು ಮಾಡಬೇಕು ಅಂತ ಕೇಳು. ಅಣ್ಣ ಬರುತ್ತೇನೆ ಅಂದರೆ ಅವನಿಗೂ ಒಂದು ಟಿಕೆಟ್ ತೆಗೆಸು. ಬಂದನೋ ಇಲ್ಲವೋ ಅಂತ ನನಗೊಂದು ಸಾಲು ಬರೆ.